ಇನ್ನೊಂದು ಸಲ ಕೇಳಬಾರದಿತ್ತೇ?

ಒಂದು ಜನಾಂಗದ ನಾಗರಿಕತೆಯನ್ನು ಅಳೆಯಬೇಕಾದರೆ ಅದರ ದೇವಾಲಯಗಳನ್ನೋ ಗ್ರಂಥಭಂಡಾರಗಳನ್ನೋ ನೋಡುತ್ತ ಕೂರಬೇಕಾಗಿಲ್ಲ. ನಾಲ್ಕು ಜನರ ನಡುವೆ ತಟ್ಟೆಯಲ್ಲಿ ಉಳಿದ ಕೊನೆಯ ತುಂಡು ಏನಾಗುತ್ತದೆ ಎಂಬುದನ್ನು ನೋಡಿದರೆ ಸಾಕು. ಈ ವಾಕ್ಯವನ್ನು ಬರೆದು, ಅದರ ಗಾಂಭೀರ್ಯಕ್ಕೆ ನಾನೇ ತಲೆದೂಗಿ, ಹೆಂಡತಿ ವಿಜಯಾಳಿಗೆ ಓದಿ ಹೇಳಿದೆ. ಫ್ರಿಜ್ಜಿನ ಬಾಗಿಲು ತೆರೆದು ನಿಂತಿದ್ದ ಅವಳು, "ಹಂಗಾರ ನಿನ್ನೆ ಉಳದಿದ್ದ ಒಂದ ಪೇಡೆ ಎಲ್ಲಿ ಹೋತ್ರಿ?" ಎಂದಳು. ನಾಗರಿಕತೆಯ ವಿಚಾರವನ್ನು ಅಲ್ಲಿಗೇ ಬಿಡೋಣ.

ಆದರೆ ಆ ಕೊನೆಯ ತುಂಡು ನನ್ನ ತಲೆಗೆ ಬಂದದ್ದು ಸುಮ್ಮನೆ ಅಲ್ಲ. ನಮ್ಮ ಆಫೀಸಿನಲ್ಲಿ ಪ್ರಿಂಟರಿನ ಪಕ್ಕ ಒಂದು ಗಿಡ್ಡ ಕಪಾಟಿದೆ. ಯಾರೇ ಜಪಾನಿಗೆ ಹೋಗಿ ಬಂದರೂ ಅದರ ಮೇಲೆ ಸಿಹಿತಿಂಡಿಯ ಡಬ್ಬಿಯೊಂದನ್ನು ಇಡಬೇಕು. ಇದು ನಮ್ಮ ಕಂಪನಿಯ ಜಪಾನೀ ಯಜಮಾನರ ಪದ್ಧತಿ. ಒಂದೊಂದು ತುಂಡಿಗೂ ಒಂದೊಂದು ಕಾಗದದ ಅಂಗಿ ತೊಡಿಸಿರುತ್ತಾರೆ. ಬೆಳಿಗ್ಗೆ ಇಟ್ಟ ಡಬ್ಬಿ ಮಧ್ಯಾಹ್ನದೊಳಗೆ ಖಾಲಿಯಾಗುತ್ತದೆ, ಕೊನೆಯ ಒಂದನ್ನು ಬಿಟ್ಟು. ಅದನ್ನು ಯಾರೂ ಮುಟ್ಟುವುದಿಲ್ಲ. ಕಾಫಿಗೆ ಹೋಗುವವರು ಅದರ ಕಡೆ ಒಮ್ಮೆ ನೋಡುತ್ತಾರೆ, ಬರುವವರು ಒಮ್ಮೆ ನೋಡುತ್ತಾರೆ. ಸಂಜೆಯ ಹೊತ್ತಿಗೆ ಯಾರೋ ಧೈರ್ಯಶಾಲಿಗಳು ಪ್ಲಾಸ್ಟಿಕ್ ಚಾಕುವಿನಿಂದ ಅದನ್ನು ಅರ್ಧ ಮಾಡಿ ಅರ್ಧವನ್ನಷ್ಟೇ ತಿಂದಿರುತ್ತಾರೆ. ಮರುದಿನ ಆ ಅರ್ಧದಲ್ಲಿ ಅರ್ಧ. ಹೀಗೆ ಅದು ಇರುವೆಗೂ ಸಾಲದ ಗಾತ್ರಕ್ಕೆ ಇಳಿದ ಮೇಲೆ ಕಸ ಗುಡಿಸುವವರು ಬಂದು ಈ ತತ್ವಜಿಜ್ಞಾಸೆಗೆ ಮಂಗಳ ಹಾಡುತ್ತಾರೆ.

ಈ ಕಂಪನಿಗೆ ಸೇರಿದ ಮೊದಲ ವಾರವೇ ಆ ಡಬ್ಬಿಯನ್ನು ಕಂಡು ನನಗೆ ತವರಿಗೆ ಬಂದಂತಾಯಿತು. ನಾನು ಹುಟ್ಟಿದ್ದು ಮೈಸೂರಿನಲ್ಲಿ. ಅಲ್ಲಿ ಯಾರ ಮನೆಗಾದರೂ ಹೋಗುವ ಮೊದಲು ಅಮ್ಮ ಗೇಟಿನ ಹೊರಗೆ ನಮ್ಮನ್ನು ನಿಲ್ಲಿಸಿ, ಕಾಲರ್ ಸರಿಮಾಡಿ, ಉಪದೇಶ ಮಾಡುತ್ತಿದ್ದಳು: "ತಟ್ಟೆ ಬಂದ ತಕ್ಷಣ ಹಸಿದವರ ಹಾಗೆ ಬೀಳ್ಬೇಡಿ. ಮೊದಲು ಬೇಡ ಅನ್ನಿ. ಇನ್ನೊಂದ್ಸಲ ಕೇಳ್ತಾರೆ, ಆಗಲೂ ಬೇಡ ಅನ್ನಿ. ಆಮೇಲೆ ತಗೊಳ್ಳಿ." ನಾವು ಹಸಿದವರೇ ಆಗಿರುತ್ತಿದ್ದೆವು. ಆದರೂ ಚಕ್ಕುಲಿಯ ತಟ್ಟೆಯ ಎದುರು ಸನ್ಯಾಸಿಗಳಂತೆ ಕೂತು, ಬೇಡ ಎಂದು, ಮತ್ತೆ ಬೇಡ ಎಂದು, ಆಮೇಲೆ ಆ ಮನೆಯವರ ಸಂತೋಷಕ್ಕಾಗಿ ಎಂಬಂತೆ ಎರಡೂ ಕೈಯಲ್ಲಿ ತಿನ್ನುತ್ತಿದ್ದೆವು. ಮದುವೆಯ ಪಂಕ್ತಿಯಲ್ಲಿ ದೊಡ್ಡವರು ಮಾಡುತ್ತಿದ್ದದ್ದೂ ಇದನ್ನೇ. ಬಡಿಸುವವನು ಪಾಯಸ ತಂದಾಗ ಎಲೆಯ ಮೇಲೆ ಅಡ್ಡವಾಗಿ ಕೈ ಹಿಡಿದು "ಸಾಕು ಸಾಕು" ಎನ್ನುವರು. ಬೆರಳುಗಳ ನಡುವೆ ಮಾತ್ರ ಒಂದು ಸೌಟು ಇಳಿಯುವಷ್ಟು ಸಂದು ಬಿಟ್ಟಿರುವರು. ಬಡಿಸುವವನು ಕಿವಿಯನ್ನು ನಂಬದೆ ಬೆರಳನ್ನು ನಂಬುತ್ತಿದ್ದ.

ಒಮ್ಮೆ ಮಾತ್ರ ಅನಾಹುತವಾಯಿತು. ದೆಹಲಿಯಲ್ಲಿ ಬಹಳ ವರ್ಷ ಇದ್ದು ನಮ್ಮ ಬೀದಿಗೆ ಬಂದ ಕುಟುಂಬವೊಂದರ ಮನೆಗೆ ಹೋಗಿದ್ದೆವು. ಆ ಮನೆಯಾಕೆ "ಕೋಡುಬಳೆ ತಗೋತೀರಾ?" ಎಂದರು. ನಾವು ಸಾಮೂಹಿಕವಾಗಿ "ಬೇಡ" ಎಂದೆವು. ಅವರು "ಸರಿ" ಎಂದು ತಟ್ಟೆಯನ್ನು ಒಳಗೆ ತೆಗೆದುಕೊಂಡು ಹೋಗಿಬಿಟ್ಟರು! ಆ ತಟ್ಟೆಯ ಹಿಂದೆ ನನ್ನ ತಮ್ಮನ ಕಣ್ಣುಗಳು ಅಡುಗೆಮನೆಯವರೆಗೂ ಹೋದವು. ದಾರಿಯುದ್ದಕ್ಕೂ ಅಮ್ಮ, "ಬೇಡ ಅಂದ್ರೆ ಬೇಡವೇ ಅಂದ್ಕೊಂಡ್ರಲ್ಲ, ಎಂಥಾ ಜನ!" ಎಂದು ಬೆರಗಾಗುತ್ತಿದ್ದಳು.

ಇಂಥ ಸಂಸ್ಕಾರದವನು ಅಮೆರಿಕದಲ್ಲಿ ಬದುಕಬೇಕಾದರೆ ಕಷ್ಟ. ಇಲ್ಲಿ ಒಂದೇ ಸಲ ಕೇಳುತ್ತಾರೆ. ಬಂದ ಹೊಸತರಲ್ಲಿ ಫ್ರೀಮಾಂಟಿನ ಕಂಪನಿಯೊಂದರಲ್ಲಿದ್ದಾಗ ನಾನು ಉಪಚಾರದ ದೆಸೆಯಿಂದ ಎಷ್ಟು ಕೇಕು, ಎಷ್ಟು ಲಿಫ್ಟು, ಎಷ್ಟು ಒಳ್ಳೆಯ ಕುರ್ಚಿ ಕಳೆದುಕೊಂಡೆನೋ ಲೆಕ್ಕವಿಟ್ಟಿಲ್ಲ. ಆದ್ದರಿಂದಲೇ ಈ ಜಪಾನೀ ಕಂಪನಿ ಸಿಕ್ಕಾಗ, ಕಪಾಟಿನ ಮೇಲೆ ಅನಾಥವಾಗಿ ಕೂತ ಆ ಒಂದು ಬಿಸ್ಕತ್ತನ್ನು ಕಂಡಾಗ, ಇವರು ನಮ್ಮವರು ಎಂದು ತೀರ್ಮಾನಿಸಿದೆ. ಮುಂದೆ ಆದದ್ದಕ್ಕೆಲ್ಲ ಈ ತೀರ್ಮಾನವೇ ಕಾರಣ.

ನಮ್ಮದು ಸಿಯಾಟಲ್ ಪಕ್ಕದ ರೆಡ್ಮಂಡಿನಲ್ಲಿ ಒಸಾಕಾ ಕಂಪನಿಯೊಂದರ ಸಣ್ಣ ಶಾಖೆ. ಊರಿನ ದೊಡ್ಡ ಸಾಫ್ಟ್‌ವೇರ್ ಕಂಪನಿಯ ಷಟಲ್ ಬಸ್ಸುಗಳು ಹಾದುಹೋದರೆ ನಮ್ಮ ಕಿಟಕಿ ಅಲುಗುತ್ತದೆ. ಜಗತ್ಪ್ರಸಿದ್ಧಿಗೆ ನಾವು ಅಷ್ಟು ಹತ್ತಿರ. ಹಣ್ಣುಗಳನ್ನು ಕ್ಯಾಮೆರಾದಿಂದ ನೋಡಿ ಒಳ್ಳೆಯದು ಕೆಟ್ಟದ್ದು ಎಂದು ಬೇರೆಮಾಡುವ ಯಂತ್ರ ನಮ್ಮದು. ಅದರ ಮೈ ಒಸಾಕಾದಲ್ಲಿ ತಯಾರಾಗುತ್ತದೆ, ಬುದ್ಧಿ ನಮ್ಮಲ್ಲಿ. ಬೆಟ್ಟದ ಆಚೆಯ ಯಾಕಿಮಾ, ವೆನಾಚಿ ಕಡೆಯ ಸೇಬು ಆರಿಸಿ ಪೆಟ್ಟಿಗೆಗೆ ತುಂಬುವ ಶೆಡ್ಡುಗಳವರು ಗಿರಾಕಿಗಳು. ಕನ್ನಡದವರ ಯುಗಾದಿ ಊಟದಲ್ಲಿ ಯಾರಾದರೂ "ಯಾವ ಕಂಪನಿ ಗುರು?" ಎಂದು ಕೇಳಿದರೆ ನಾನು ಇಷ್ಟನ್ನೂ ವಿವರಿಸುತ್ತೇನೆ. ಒಬ್ಬ ಬೆಂಗಳೂರಿನ ತರುಣ ಹೋಳಿಗೆ ಮುರಿಯುತ್ತ, "ಹಣ್ಣು ಆರ್ಸೋಕೂ ಕೋಡ್ ಬರೀಬೇಕಾ? ನಮ್ಮಜ್ಜಿ ಫ್ರೀಯಾಗಿ ಮಾಡೋರು" ಎಂದ.

ಅವನ ಅಜ್ಜಿಯ ವಿಷಯ ನನಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಆ ಇಲಾಖೆ ನನ್ನದಾಗಿತ್ತು. ಬೇಸಿಗೆ ರಜೆಯಲ್ಲಿ ಬೀದಿ ಸುತ್ತದಿರಲೆಂದು ಅಮ್ಮ ಮೊರದಲ್ಲಿ ಅಕ್ಕಿ ಹಾಕಿ ಕಲ್ಲು ಆರಿಸಲು ಕೂರಿಸುತ್ತಿದ್ದಳು. ನಾನು ಒಂದೊಂದು ಕಾಳನ್ನೂ ತನಿಖೆ ಮಾಡಿ, ಅನುಮಾನ ಬಂದ ಅಕ್ಕಿಯನ್ನೆಲ್ಲ ಎಸೆದು, ಕಲ್ಲುಗಳನ್ನು ನಂಬಿಕಸ್ಥರೆಂದು ಉಳಿಸಿಕೊಳ್ಳುತ್ತಿದ್ದೆ. ಊಟದ ನಡುವೆ ಅಪ್ಪ ದವಡೆ ಹಿಡಿದುಕೊಂಡು ನನ್ನ ಕಡೆ ನೋಡುತ್ತಿದ್ದರು. ಅಂಥವನ ಕೈಗೆ ವಾಷಿಂಗ್ಟನ್ ರಾಜ್ಯದ ಸೇಬುಗಳ ಭವಿಷ್ಯ ಬಂತು. ವಿಧಿ ಹಾಸ್ಯಪ್ರಿಯ.

ಸೇಬನ್ನು ಆರಿಸುವುದು ನನಗೆ ಕ್ರಮೇಣ ಕೈವಶವಾಯಿತು. ಕೈವಶವಾದ ಮೇಲೆ ಬೇಸರವೂ ಬಂತು. ಸೇಬು ಸಾಧುಪ್ರಾಣಿ, ಹೇಳಿದಂತೆ ಉರುಳುತ್ತದೆ. ನನ್ನ ಕಣ್ಣಿದ್ದದ್ದು ಚೆರ್ರಿಯ ಮೇಲೆ. ಅಂಗೈ ತುಂಬ ಹಿಡಿದರೆ ಅಷ್ಟೂ ಬೇರೆ ಬೇರೆ ಬಣ್ಣ, ಒಂದರ ತೊಟ್ಟು ಇನ್ನೊಂದರ ಕುತ್ತಿಗೆಗೆ ಸುತ್ತಿಕೊಂಡಿರುತ್ತದೆ. ಕೊಯ್ಲಿನ ಹೊತ್ತಿಗೆ ಒಂದು ಮಳೆ ಬಿದ್ದರೆ ಸಾಕು, ಸಿಪ್ಪೆ ಕೂದಲೆಳೆಯಷ್ಟು ಸೀಳುತ್ತದೆ; ಆ ಸೀಳನ್ನು ಓಡುವ ಪಟ್ಟಿಯ ಮೇಲೆ ಹಿಡಿಯಬೇಕು. ಚೆರ್ರಿ ಯಂತ್ರವೊಂದನ್ನು ಮಾಡಬೇಕೆಂದು ಒಸಾಕಾದವರು ಯೋಚಿಸುತ್ತಿದ್ದಾರೆ ಎಂಬ ಸುದ್ದಿ ಬಂದಾಗಿನಿಂದ ನನಗೆ ಬೇರೆ ಧ್ಯಾನವಿರಲಿಲ್ಲ. ರಸ್ತೆಬದಿಯ ಅಂಗಡಿಯಿಂದ ಬುಟ್ಟಿಗಟ್ಟಲೆ ಚೆರ್ರಿ ತಂದು, ಸ್ನೊಕ್ವಾಲ್ಮಿಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಉರುಳಿಸಿ, ಫೋನಿನಲ್ಲಿ ಚಿತ್ರೀಕರಿಸುತ್ತಿದ್ದೆ. ಆಫೀಸಿನ ಮೇಜಿನ ಮೇಲೂ ಒಂದು ಬಟ್ಟಲು ಇರುತ್ತಿತ್ತು. ಮನೆಯಲ್ಲಿ ಪ್ರಯೋಗದ ಮಾದರಿಗಳನ್ನು ಮಗಳು ಅದಿತಿ ತಿಂದು ಮುಗಿಸುತ್ತಿದ್ದಳು. "ಅದು ಡೇಟಾ ಕಣೇ!" ಎಂದರೆ, "ಇಟ್ಸ್ ಡಿಲಿಷಿಯಸ್ ಡೇಟಾ, ಅಪ್ಪಾ" ಎನ್ನುವಳು.

ಇನ್ನು ನಮ್ಮ ಶಾಖೆಯ ಮುಖ್ಯಸ್ಥರ ವಿಷಯ. ಮೊರಿಟಾ-ಸಾನ್ (ಸಾನ್ ಎಂದರೆ ನಮ್ಮ 'ಅವರು' ಇದ್ದಂತೆ) ಒಸಾಕಾದಿಂದ ಬಂದವರು, ಮಿತಭಾಷಿ, ಸದಾ ಕೊಡೆಧಾರಿ. ಸಿಯಾಟಲ್ ಕಡೆಯ ಜನ ಮಳೆಯಲ್ಲಿ ಕೊಡೆ ಹಿಡಿಯುವುದನ್ನು ಒಂದು ಬಗೆಯ ಮಾನಹಾನಿಯೆಂದು ಭಾವಿಸಿ ತಲೆಗೆ ಟೊಪ್ಪಿ ಎಳೆದುಕೊಂಡು ನೆನೆಯುತ್ತಾರೆ. ಇಡೀ ಕಟ್ಟಡದಲ್ಲಿ ಕೊಡೆ ಹಿಡಿಯುತ್ತಿದ್ದವರು ಅವರು ಮತ್ತು ನಾನು. ಒಂದು ಬೆಳಿಗ್ಗೆ ಪಾರ್ಕಿಂಗ್ ಜಾಗದಲ್ಲಿ ನಮ್ಮ ಎರಡು ಕೊಡೆಗಳು ಎದುರಾದವು. ಮೊರಿಟಾ-ಸಾನ್ ತುಸು ಬಾಗಿದರು, ನಾನೂ ಬಾಗಿದೆ, ಕೊಡೆಗಳಿಂದ ಇಬ್ಬರ ಬೂಟಿನ ಮೇಲೂ ನೀರು ಸುರಿಯಿತು.

"ರಾಗು-ಸಾನ್," ಎಂದರು. ರಾಘವೇಂದ್ರ ಎಂಬ ನನ್ನ ಹೆಸರು ಅವರ ಬಾಯಲ್ಲಿ ಅಲ್ಲಿಯವರೆಗೆ ಮಾತ್ರ ಬದುಕುತ್ತದೆ. "ಚೆರ್ರಿಯ ಕೆಲಸ ನಮ್ಮ ಶಾಖೆಗೆ ಬರಬಹುದು. ಅದನ್ನು ನೀವು ಮುಂದೆ ನಿಂತು ನಡೆಸುತ್ತೀರಾ?"

ಓದುಗರು ಇಲ್ಲಿ ದಯವಿಟ್ಟು ನನ್ನ ಅಮ್ಮನನ್ನು ನೆನೆಯಬೇಕು. ನನ್ನ ಹೃದಯ ಬೂಟಿನಿಂದ ಬಾಯಿಗೆ ಹಾರಿತು. ಬಾಯಿ ಮಾತ್ರ ಮೈಸೂರಿನಲ್ಲೇ ಇತ್ತು. "ಅಯ್ಯೋ, ಇಲ್ಲ ಇಲ್ಲ," ಎಂದೆ, "ನನ್ನಿಂದ ಎಲ್ಲಿ ಸಾಧ್ಯ? ನನಗಿಂತ ತಿಳಿದವರು ಇದ್ದಾರೆ." ಹೀಗೆಂದು, ಬೆರಳ ಸಂದು ಬಿಟ್ಟು ಕಾಯುವವನ ಹಾಗೆ ನಿಂತೆ.

ಮೊರಿಟಾ-ಸಾನ್ ನನ್ನನ್ನು ಒಂದು ಕ್ಷಣ ನೋಡಿದರು. "ಅರ್ಥವಾಯಿತು," ಎಂದರು. ಇನ್ನೊಮ್ಮೆ ಬಾಗಿ, ಒಳಗೆ ಹೋದರು.

ತಟ್ಟೆ ಅಡುಗೆಮನೆಗೆ ಹೋಯಿತು ಎಂದು ನನಗೆ ಆಗ ಹೊಳೆಯಲಿಲ್ಲ. ಇವರು ದೊಡ್ಡ ಮನುಷ್ಯರು, ಎರಡನೆಯ ಸಲ ಕೇಳುವುದಕ್ಕೆ ಸರಿಯಾದ ಗಳಿಗೆ ನೋಡುತ್ತಿದ್ದಾರೆ ಎಂದುಕೊಂಡೆ. ಅವರಿಗೆ ಅನುಕೂಲವಾಗಲೆಂದು ಅವರ ದಾರಿಯಲ್ಲಿ ಆಗಾಗ ಕಾಣಿಸಿಕೊಳ್ಳತೊಡಗಿದೆ. ಅವರು ಕಾಫಿಗೆ ಎದ್ದರೆ ನನಗೂ ಕಾಫಿ ಬೇಕಾಗುತ್ತಿತ್ತು. ಅವರು ಪ್ರಿಂಟರಿನ ಬಳಿ ಬಂದರೆ ನಾನು ಅಲ್ಲಿ ಖಾಲಿ ಹಾಳೆಗಳನ್ನು ಆಸಕ್ತಿಯಿಂದ ಪರಿಶೀಲಿಸುತ್ತಿದ್ದೆ. ಅವರು ಹವೆಯ ಬಗ್ಗೆ ಮಾತಾಡಿದರು. ಹವೆ ಮಳೆಯದಾಗಿತ್ತು, ಹೆಚ್ಚು ಹೇಳಲು ಏನೂ ಇರಲಿಲ್ಲ.

ಮನೆಯಲ್ಲಿ ವಿಷಯ ಹೇಳಿದೆ. ನನ್ನ ಹೆಂಡತಿ ಹುಬ್ಬಳ್ಳಿಯವಳು. ಲಟ್ಟಣಿಗೆಯನ್ನು ಕೈಯಲ್ಲಿ ಹಿಡಿದೇ ನಿಂತುಬಿಟ್ಟಳು.

"ಬ್ಯಾಡ ಅಂದ್ರಿ?"

"ಮೊದಲ ಸಲ ಹಾಗನ್ನಬೇಕು."

"ಯಾವ ಊರ ಕಾನೂನ್ರಿ ಅದು? ಚೆರ್ರಿ ಚೆರ್ರಿ ಅಂತ ನಿದ್ದಿಗಣ್ಣಾಗ ಬಡಬಡಸ್ತೀರಿ, ಮನಿ ಮೇಜೆಲ್ಲಾ ಕಲಿ ಮಾಡಿಟ್ಟೀರಿ. ಅವ್ರಾಗಿ ಕರದು ಕೊಟ್ರ ಬ್ಯಾಡ ಅಂತೀರಿ! ಆ ಸಾಹೇಬ್ರೇನು ನಿಮ್ಮ ಸ್ವಾದರತ್ತೀ ಏನ್ರಿ, ಕೈ ಹಿಡದು ತುತ್ತು ಇಡ್ಲಿಕ್ಕೆ?"

"ನಿನಗೆ ಗೊತ್ತಿಲ್ಲ. ಜಪಾನಿನವರೂ ನಮ್ಮ ಹಾಗೇ. ಮತ್ತೆ ಕೇಳ್ತಾರೆ."

"ನಮ್ಮ ಕಡೆ ಬೇಕಂದ್ರ ಇನ್ನೊಂದು ರೊಟ್ಟಿ ಹಾಕ್ರಿ ಅಂತಾರ. ಬ್ಯಾಡಂದ್ರ ಎದ್ದು ಕೈ ತೊಳಕೋತಾರ. ನಿಮ್ಮ ಮೈಸೂರು ಮಂದಿ ಬರೇ ಎಲಿ ಮುಂದ ಕುಂತು ನಾಟಕ ಮಾಡ್ತಾರ."

ಅದಿತಿ ಸೋಫಾದಿಂದಲೇ ತೀರ್ಪು ಕೊಟ್ಟಳು: "ಅಪ್ಪಾ, ಜಸ್ಟ್ ಟೆಲ್ ಹಿಮ್ ಯು ವಾಂಟ್ ಇಟ್. ಇಟ್ಸ್ ನಾಟ್ ದಟ್ ಡೀಪ್."

ಎರಡು ತಲೆಮಾರಿನ ಈ ಅಸಂಸ್ಕೃತ ದಾಳಿಯನ್ನು ನಾನು ದೊಡ್ಡ ಮನಸ್ಸಿನಿಂದ ಸಹಿಸಿಕೊಂಡೆ. ಆದರೆ ಒಳಗೆ, ಅನ್ನದಲ್ಲಿ ಕಲ್ಲು ಸಿಕ್ಕಂತಾಗಿತ್ತು.

ಮುಂದಿನ ವಾರ ಊಟದ ಕೋಣೆಯಲ್ಲಿ ನಕಾನೋ-ಸಾನ್ ಎದುರು ಕೂತರು. ನಕಾನೋ ನನ್ನ ಪಕ್ಕದ ಮೇಜಿನವರು. ಕ್ಯಾಮೆರಾದ ಕೆಲಸದಲ್ಲಿ ಅವರ ಸಮಾನರಿಲ್ಲ. ಅಮೆರಿಕದಲ್ಲೇ ತಲೆ ನರೆಸಿದವರು. ನನ್ನ ಡಬ್ಬಿಯಲ್ಲಿ ಚಿತ್ರಾನ್ನ, ಅವರದರಲ್ಲಿ ಸಮುದ್ರದ ಪಾಚಿ ಸುತ್ತಿದ ಅನ್ನ.

"ಚೆರ್ರಿಯದು ಬೇಸರದ ಸುದ್ದಿ," ಎಂದರು.

"ಏನು ಸುದ್ದಿ?"

"ಸ್ಪೇನಿನ ಶಾಖೆಗೆ ಕೊಡುತ್ತಾರಂತೆ. ಇಲ್ಲಿ ಯಾರಿಗೂ ಆಸಕ್ತಿಯಿಲ್ಲ ಎಂದು ಮೊರಿಟಾ-ಸಾನ್ ಒಸಾಕಾಗೆ ತಿಳಿಸಿದ್ದಾರೆ."

ಚಿತ್ರಾನ್ನದ ಒಂದು ಕಡಲೆಕಾಯಿ ಬೀಜ ನನ್ನ ಗಂಟಲಲ್ಲಿ ನಿಂತು ಪ್ರತಿಭಟಿಸಿತು. ನೀರು ಕುಡಿದು, "ನಿಮ್ಮನ್ನು ಕೇಳಲಿಲ್ಲವೇ?" ಎಂದೆ.

"ಕೇಳಿದರು. ನಾನು ಒಲ್ಲೆನೆಂದೆ."

"ಯಾಕೆ?"

ನಕಾನೋ ಕಡ್ಡಿಗಳನ್ನು ಡಬ್ಬಿಯ ಮೇಲೆ ನೇರವಾಗಿ ಜೋಡಿಸಿಟ್ಟರು. "ನಿಮ್ಮ ಮೇಜಿನ ಮೇಲೆ ಬೇಸಿಗೆಯೆಲ್ಲ ಚೆರ್ರಿಯ ಬಟ್ಟಲಿತ್ತು. ಅದು ನಿಮ್ಮ ಕೆಲಸ ಎಂದುಕೊಂಡೆ. ನಾನು ಹೂಂ ಎಂದರೆ ನಿಮ್ಮಿಂದ ಕಿತ್ತುಕೊಂಡಂತೆ." ಸ್ವಲ್ಪ ತಡೆದು ಕೇಳಿದರು: "ನಿಮ್ಮನ್ನು ಅವರು ಕೇಳಲೇ ಇಲ್ಲವೇ?"

"ಕೇಳಿದರು," ಎಂದೆ. ಆಮೇಲೆ ನಡೆದದ್ದನ್ನೆಲ್ಲ ಹೇಳಿದೆ: ಕೊಡೆ, ಅಮ್ಮ, ಚಕ್ಕುಲಿ, ಪಾಯಸದ ಸೌಟು. ನಕಾನೋ ನಗಲಿಲ್ಲ. ಒಬ್ಬ ವೈದ್ಯ ಇನ್ನೊಬ್ಬ ವೈದ್ಯನ ರೋಗಿಯ ವಿವರ ಕೇಳುವ ಹಾಗೆ ಕೇಳಿದರು. ಕೊನೆಗೆ, "ನನ್ನ ಅಜ್ಜಿ ಎರಡನೆಯ ಸಲಕ್ಕೂ ಒಪ್ಪುತ್ತಿರಲಿಲ್ಲ," ಎಂದರು. "ಮೊರಿಟಾ-ಸಾನ್ ಕೋಣೆಯ ಬಾಗಿಲವರೆಗೆ ನಾನು ಬರುತ್ತೇನೆ. ಒಳಗೆ ನೀವೇ ಹೋಗಬೇಕು."

ಬಾಗಿಲವರೆಗೆ ಬಂದರು ಕೂಡ. ನಾನು ಒಳಗೆ ಹೋದೆ. ಮೊರಿಟಾ-ಸಾನ್ ಎದ್ದು ನಿಂತು ಕುರ್ಚಿ ತೋರಿಸಿದರು. ಕೂರುವುದಕ್ಕೂ ಒಮ್ಮೆ ಬೇಡವೆನ್ನುವವನಿದ್ದೆ. ಹಲ್ಲು ಕಚ್ಚಿ ಕೂತೆ.

"ಚೆರ್ರಿಯ ಕೆಲಸ ನನಗೆ ಬೇಕು," ಎಂದೆ.

ನನ್ನ ಜನ್ಮದಲ್ಲಿ ಇಷ್ಟು ಬೆತ್ತಲಾದ ವಾಕ್ಯವನ್ನು ನಾನು ಆಡಿರಲಿಲ್ಲ. ಅದು ಮೇಜಿನ ಮೇಲೆ ಬಿದ್ದುಕೊಂಡಿತ್ತು, ಅದಕ್ಕೆ ಒಂದು ಟವೆಲ್ಲಾದರೂ ಹೊದಿಸೋಣವೆಂದು, "ಅಂದರೆ, ತಮಗೆ ತೊಂದರೆ ಆಗದಿದ್ದರೆ, ಸ್ಪೇನಿನವರಿಗೂ..." ಎಂದು ಶುರುಮಾಡಿ ನಿಲ್ಲಿಸಿದೆ.

ಮೊರಿಟಾ-ಸಾನ್ ಮೇಜಿನ ಮೇಲಿದ್ದ ಪೆನ್ನನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಕೇಳಿದರು: "ಆ ದಿನ ಇಲ್ಲ ಎಂದಿರಲ್ಲ?"

"ಇನ್ನೊಂದು ಸಲ ಕೇಳುತ್ತೀರಿ ಎಂದುಕೊಂಡಿದ್ದೆ."

ಅವರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಳ್ಳಲಿಲ್ಲ. "ಒಸಾಕಾದಲ್ಲಿ ಆಗಿದ್ದರೆ ಖಂಡಿತ ಕೇಳುತ್ತಿದ್ದೆ," ಎಂದರು. "ಇಲ್ಲಿಗೆ ಹೊರಡುವ ಮೊದಲು ನಮಗೆ ಒಂದು ತರಬೇತಿ ಕೊಟ್ಟರು. ಪರದೇಶದವರು ಇಲ್ಲ ಎಂದರೆ ಇಲ್ಲ. ಎರಡನೆಯ ಸಲ ಕೇಳಿದರೆ ಅದು ಒತ್ತಾಯ, ಅಗೌರವ. ಅಂದು ನನಗೆ ಕೇಳಬೇಕೆನಿಸಿತ್ತು. ಕೇಳದೆ ಇರುವುದಕ್ಕೆ ಬಹಳ ಕಷ್ಟಪಟ್ಟೆ. ಒಳಗೆ ಬಂದು, ಪಾಠವನ್ನು ಸರಿಯಾಗಿ ಪಾಲಿಸಿದೆ ಎಂದು ಸಮಾಧಾನ ಮಾಡಿಕೊಂಡೆ."

ಇಬ್ಬರೂ ಮೇಜನ್ನು ನೋಡುತ್ತ ಕೂತೆವು. ನನ್ನನ್ನು ಗೌರವಿಸಲು ಆ ಮನುಷ್ಯ ತನ್ನ ಸ್ವಭಾವವನ್ನೇ ಅದುಮಿಟ್ಟಿದ್ದರು. ಅವರನ್ನು ಗೌರವಿಸಲು ನಾನು ನನ್ನ ಆಸೆಯನ್ನು ಅದುಮಿಟ್ಟಿದ್ದೆ. ನಮ್ಮನ್ನು ಗೌರವಿಸಲು ನಕಾನೋ ಇನ್ನೂ ಬಾಗಿಲ ಹೊರಗೆ ನಿಂತಿದ್ದರು. ಇಷ್ಟೊಂದು ಸೌಜನ್ಯದ ಫಲವಾಗಿ ಚೆರ್ರಿ ಸ್ಪೇನಿಗೆ ಹೊರಟಿತ್ತು.

"ಸ್ವಲ್ಪ ಕಷ್ಟ," ಎಂದರು ಮೊರಿಟಾ-ಸಾನ್. ಅವರ ಬಾಯಲ್ಲಿ ಆ ಮಾತಿಗೆ ಸಾಮಾನ್ಯವಾಗಿ ಸಾಧ್ಯವೇ ಇಲ್ಲ ಎಂದು ಅರ್ಥ. ನಾನು ಏಳಲು ಹೊರಟೆ. ಅವರು ಕೈಯೆತ್ತಿ ತಡೆದರು. "ಸ್ವಲ್ಪ ಕಷ್ಟವೇ. ಪ್ರಯತ್ನಿಸುತ್ತೇನೆ."

ಅವರ ಪದ್ಧತಿಯಲ್ಲಿ ತೀರ್ಮಾನ ಸಭೆಯಲ್ಲಿ ಆಗುವುದಿಲ್ಲ. ದೊಡ್ಡ ಗಿಡವನ್ನು ಕಿತ್ತು ಬೇರೆಡೆ ನೆಡುವ ಮೊದಲು ಬೇರಿನ ಸುತ್ತ ಮಣ್ಣು ಸಡಿಲಿಸುವ ಹಾಗೆ, ಸಭೆಗೆ ಮೊದಲೇ ಒಬ್ಬೊಬ್ಬರನ್ನೂ ಬೇರೆ ಬೇರೆ ಕಂಡು ಒಪ್ಪಿಸಬೇಕು. ತಾನೇ ನೆಟ್ಟ ಗಿಡವನ್ನು ತಾನೇ ಕೀಳುವುದಂತೂ ಬಹಳ ತಲೆತಗ್ಗಿಸುವ ಕೆಲಸ. ಮೊರಿಟಾ-ಸಾನ್ ಅದನ್ನು ಮಾಡಿದರು. ನಮ್ಮ ಮಧ್ಯಾಹ್ನ ಇಳಿಯುವ ಹೊತ್ತು ಒಸಾಕಾದಲ್ಲಿ ಆಫೀಸು ತೆರೆಯುತ್ತದೆ. ಆ ಹೊತ್ತಿಗೆ ಗಾಜಿನ ಕೋಣೆಯೊಳಗೆ ಅವರು ಫೋನು ಹಿಡಿದು, ಕಾಣದ ಮನುಷ್ಯರಿಗೆ ಬಾಗುತ್ತಿರುವುದು ನಮಗೆ ಕಾಣುತ್ತಿತ್ತು. ತಪ್ಪು ತಮ್ಮದೇ ಎಂದು ಪ್ರತಿಯೊಬ್ಬರಿಗೂ ಹೇಳಿದರಂತೆ. ನನ್ನ ಹೆಸರು ತರಲಿಲ್ಲವಂತೆ. ಇದನ್ನು ನನಗೆ ಹೇಳಿದವರು ನಕಾನೋ.

ಸಭೆಯ ದಿನ ಪರದೆಯ ಮೇಲೆ ಒಸಾಕಾದ ನಿರ್ದೇಶಕರು ಕಂಡರು. ಬಿಳಿ ಹುಬ್ಬಿನ ವೃದ್ಧರು. ನನ್ನನ್ನೇ ನೇರವಾಗಿ ನೋಡಿ ಇಂಗ್ಲಿಷಿನಲ್ಲಿ ಕೇಳಿದರು: "ಈ ಕೆಲಸ ನೀವು ನಡೆಸುತ್ತೀರಾ?"

ನಾನು ಮನೆಯಲ್ಲಿ ವಿಜಯಾಳ ಮೇಲ್ವಿಚಾರಣೆಯಲ್ಲಿ ಕನ್ನಡಿಯ ಮುಂದೆ ಅಭ್ಯಾಸ ಮಾಡಿ ಬಂದಿದ್ದೆ. ಆದರೂ ಆ ಬಿಳಿ ಹುಬ್ಬನ್ನು ಕಂಡ ಕೂಡಲೇ ನಾಲಿಗೆ ತನ್ನ ಹಳೆಯ ಬೀದಿಗೆ ತಿರುಗಿತು. "ಇಲ್ಲ, ನಕಾನೋ-ಸಾನ್ ನನಗಿಂತ..." ಎಂದುಬಿಟ್ಟೆ.

ಮೇಜಿನ ಕೆಳಗೆ ನಕಾನೋ ನನ್ನ ಕಾಲನ್ನು ತುಳಿದರು. ಹಗುರವಾಗಿ ಅಲ್ಲ. ಮೊರಿಟಾ-ಸಾನ್ ಕಣ್ಣು ಮುಚ್ಚಿಕೊಂಡರು.

ಪರದೆಯ ಮೇಲಿನ ವೃದ್ಧರು ತಲೆಯಾಡಿಸಲಿಲ್ಲ, ಕಾಗದ ಮಡಚಲಿಲ್ಲ. ಲೋಟದಿಂದ ಒಂದು ಗುಟುಕು ಚಹಾ ಕುಡಿದು, ಅವಸರವಿಲ್ಲದೆ ಮತ್ತೆ ಕೇಳಿದರು: "ಹೌದು, ಅವರೂ ಸಮರ್ಥರು. ನಾನು ಕೇಳಿದ್ದು ನಿಮ್ಮನ್ನು. ನೀವು ನಡೆಸುತ್ತೀರಾ?"

ಅವರಿಗೆ ಯಾರೂ ತರಬೇತಿ ಕೊಟ್ಟಿರಲಿಲ್ಲ ಎಂದು ಕಾಣುತ್ತದೆ.

"ನಡೆಸುತ್ತೇನೆ," ಎಂದೆ. ಮೂರನೆಯದಕ್ಕೆ ಕಾಯುವ ಧೈರ್ಯ ನನಗಿರಲಿಲ್ಲ.

ಅವರು ಜಪಾನೀ ಭಾಷೆಯಲ್ಲಿ ಏನೋ ಹೇಳಿದರು. ಆ ಕಡೆ ನಾಲ್ಕಾರು ತಲೆಗಳು ಬಾಗಿದವು, ಈ ಕಡೆ ನಾವು ಬಾಗಿದೆವು, ಪರದೆ ಕಪ್ಪಾಯಿತು. ಸರಿಯೋ ತಪ್ಪೋ ಗೊತ್ತಾಗದೆ ನಾನು ಬಾಗಿದವನು ಹಾಗೇ ಇದ್ದೆ. "ಮುಗಿಯಿತು, ಏಳಬಹುದು," ಎಂದರು ನಕಾನೋ. ಮೊರಿಟಾ-ಸಾನ್ ಹೊರಗೆ ಹೋಗುತ್ತ, ನನ್ನ ಕುರ್ಚಿಯ ಬಳಿ ನಿಂತು, ಇನ್ನು ಮೇಲೆ ತಾವು ಎಲ್ಲವನ್ನೂ ಎರಡು ಸಲ ಕೇಳುವುದಾಗಿಯೂ, ನಾನು ಮೊದಲ ಸಲಕ್ಕೇ ಉತ್ತರ ಕೊಡಲು ಪ್ರಯತ್ನಿಸಬೇಕೆಂದೂ ವಿನಂತಿಸಿಕೊಂಡರು. ಅಂದಿನಿಂದ ಅವರು ರಜೆಯ ವಿಷಯವನ್ನೂ ಎರಡು ಸಲ ಕೇಳುತ್ತಾರೆ. ನಾನು ಮೊದಲ ಸಲಕ್ಕೇ ಹೂಂ ಎಂದುಬಿಟ್ಟರೆ ಅವರ ಮುಖ ಸ್ವಲ್ಪ ಸಪ್ಪಗಾಗುತ್ತದೆಯೆಂದು ನನ್ನ ಅನುಮಾನ.

ಮನೆಗೆ ಫೋನು ಮಾಡಿದೆ. "ಏನಂದ್ರಿ ಮತ್ತ?" ಎಂದಳು ವಿಜಯಾ.

"ಮೊದಲು ಬೇಡ ಅಂದೆ."

ಆ ಕಡೆ ಲಟ್ಟಣಿಗೆ ನೆಲಕ್ಕೆ ಬಿದ್ದ ಸದ್ದಾಯಿತು. ಅದು ಉರುಳಿ ನಿಲ್ಲುವ ಮೊದಲೇ ಉಳಿದದ್ದನ್ನೂ ಹೇಳಿದೆ.

ಚೆರ್ರಿ ಯಂತ್ರದ ಕೆಲಸ ರೆಡ್ಮಂಡಿನಲ್ಲೇ ಉಳಿಯಿತು. ಕ್ಯಾಮೆರಾಗಳನ್ನು ನಕಾನೋ ನೋಡಿಕೊಂಡರು, ಉಳಿದದ್ದನ್ನು ನಾನು ನಡೆಸಿದೆ. ಈ ಬೇಸಿಗೆಯಿಂದ ಅದು ವೆನಾಚಿಯ ಒಂದು ಶೆಡ್ಡಿನಲ್ಲಿ ಓಡುತ್ತಿದೆ.